ಗರಗಸದ ಹಿಂದೆ ನಿಂತ ಎರಡನೆಯ ಆಳು

ಹಲಗೆ ಕೊಯ್ಯುವುದು ಒಂದು ಕಾಲಕ್ಕೆ ಇಬ್ಬರ ಕೆಲಸವಾಗಿತ್ತು. ಗುಂಡಿ ತೋಡಿ, ಅದರ ಮೇಲೆ ದಿಮ್ಮಿ ಇಟ್ಟು, ಒಬ್ಬ ಮೇಲೆ, ಇನ್ನೊಬ್ಬ ಗುಂಡಿಯೊಳಗೆ ನಿಂತು ಉದ್ದನೆಯ ಗರಗಸವನ್ನು ಎಳೆಯುತ್ತಿದ್ದರು. ಗೆರೆ ತಪ್ಪದಂತೆ ನೋಡಿಕೊಳ್ಳುವ ಹೊಣೆ ಮೇಲಿನವನದು. ಮೈಮೇಲೆ ಸುರಿಯುವ ಮರದ ಹೊಟ್ಟು ಕೆಳಗಿನವನ ಪಾಲು. ಯಂತ್ರ ಬಂದ ಮೇಲೆ ಗುಂಡಿಯೊಳಗಿನವನ ಕೆಲಸ ಹೋಯಿತು. ಆದರೆ ಎರಡನೆಯ ಆಳಿನ ಅಗತ್ಯ ಮಾತ್ರ ಹೋಗಲಿಲ್ಲ. ಇಂದು ಮೇಜು ಗರಗಸಗಳ ಹಿಂಬದಿಗೆ ಜೋಡಿಸುವ ಮಡಚುವ ಮೇಜು ಆ ಆಳಿನ ಜಾಗದಲ್ಲೇ ನಿಂತಿದೆ.

ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಹಾಯಿ ಹೊಲಿಯುತ್ತಿದ್ದ ಸ್ಯಾಮ್ಯುಯೆಲ್ ಮಿಲ್ಲರ್ 1777ರಲ್ಲಿ ಪಡೆದ ಪೇಟೆಂಟಿನಲ್ಲಿ ದುಂಡು ಗರಗಸದ ಉಲ್ಲೇಖವಿದೆ. ಅದೇ ಊರಿನ ವಾಲ್ಟರ್ ಟೇಲರ್ ನೌಕಾಪಡೆಗೆ ಬೇಕಾದ ಮರದ ರಾಟೆಗಳನ್ನು ತಯಾರಿಸಲು ಇಂಥ ಗರಗಸ ಬಳಸಿದ. ಬಳಿಕ ಪೋರ್ಟ್ಸ್‌ಮತ್‌ನಲ್ಲಿ ಮಾರ್ಕ್ ಬ್ರುನೆಲ್ ರೂಪಿಸಿದ ಯಂತ್ರಗಳು 1808ರಲ್ಲಿ 1,30,000 ರಾಟೆಗಳನ್ನು ತಯಾರಿಸಿದವು. ನುರಿತ 110 ಮಂದಿಯ ಕೆಲಸವನ್ನು ಅಲ್ಲಿ ಹತ್ತು ಮಂದಿ ಮಾಡಿ ಮುಗಿಸುತ್ತಿದ್ದರು.

ವೇಗದ ಜತೆ ಹೊಸ ಅಪಾಯವೂ ಬಂತು. ಮೇಜು ಗರಗಸದಲ್ಲಿ ಅಲಗಿನ ಮುಂಭಾಗದ ಹಲ್ಲುಗಳು ಕೆಳಗಿಳಿಯುತ್ತವೆ, ಹಿಂಭಾಗದವು ಮೇಲೇಳುತ್ತವೆ. ಎಂಟು ಅಡಿಯ ಹಲಗೆಯನ್ನು ತಳ್ಳುತ್ತಾ ಹೋದರೆ ಅರ್ಧಕ್ಕೂ ಹೆಚ್ಚು ಭಾಗ ಮೇಜಿನಾಚೆ ಚಾಚಿ, ಭಾರಕ್ಕೆ ಕೆಳಗೆ ವಾಲುತ್ತದೆ. ಅದನ್ನು ಹಿಡಿಯಲು ಬಡಗಿ ತಿರುಗುವ ಅಲಗಿನ ಮೇಲೆಯೇ ಬಗ್ಗಬೇಕಾಗುತ್ತದೆ. ಇಲ್ಲವೇ ಮೇಲೇಳುವ ಹಲ್ಲಿಗೆ ಸಿಕ್ಕ ಹಲಗೆ ಅವನತ್ತಲೇ ಹಿಂದಕ್ಕೆ ಚಿಮ್ಮುತ್ತದೆ. ಎರಡರಲ್ಲಿ ಯಾವುದಾದರೂ ಪಣಕ್ಕಿರುವುದು ಬೆರಳು, ಕೆಲವೊಮ್ಮೆ ಪ್ರಾಣ.

ಕಾರ್ಖಾನೆಗಳು ಇದಕ್ಕೆ ಕಂಡುಕೊಂಡ ದಾರಿ, ಹಿಂದೆ ಒಬ್ಬನನ್ನು ನಿಲ್ಲಿಸಿ ಕೊಯ್ದ ಹಲಗೆಯನ್ನು ಎಳೆದುಕೊಳ್ಳುವಂತೆ ಮಾಡುವುದು. ಆಗ ಅಪಾಯ ಅವನ ಕಡೆಗೂ ಹಂಚಿಕೆಯಾಯಿತು. ಬ್ರಿಟನ್ನಿನ 1922ರ ನಿಯಮಾವಳಿ ಅಲಗಿನ ಹಿಂದೆ ಉಕ್ಕಿನ ಪಟ್ಟಿಯೊಂದು ಇರಲೇಬೇಕೆಂದಿತು. ಕೊಯ್ದ ಸೀಳು ಮತ್ತೆ ಕೂಡಿ ಅಲಗನ್ನು ಹಿಡಿಯದಂತೆ ಅದು ತಡೆಯುತ್ತದೆ. 1974ರ ನಿಯಮಾವಳಿ ಇನ್ನೂ ಸ್ಪಷ್ಟವಾಗಿತ್ತು: ಹಲಗೆ ತೆಗೆದುಕೊಳ್ಳುವವನು ಇದ್ದಲ್ಲಿ, ಅಲಗಿನ ಮೇಲೇಳುವ ಭಾಗದಿಂದ ಮೇಜಿನ ತುದಿಯವರೆಗೆ ಕನಿಷ್ಠ 1200 ಮಿಲಿಮೀಟರ್, ಅಂದರೆ ಸುಮಾರು ನಾಲ್ಕು ಅಡಿ ಅಂತರವಿರಬೇಕು. ಮೇಜು ಗಿಡ್ಡವಾಗಿದ್ದರೆ ಅದನ್ನು ಉದ್ದ ಮಾಡಬೇಕು. 1998ರಲ್ಲಿ ಬೇರೆ ನಿಯಮಗಳು ಬಂದರೂ ಈ ಅಳತೆ ಅಲ್ಲಿನ ಸುರಕ್ಷತಾ ಮಾರ್ಗಸೂಚಿಯಲ್ಲಿ ಉಳಿದುಕೊಂಡಿತು. ಹಿಂಬದಿಯ ಮೇಜು ಬರಿಯ ಅನುಕೂಲವಲ್ಲ, ಕೈಗೂ ಅಲಗಿಗೂ ನಡುವಿನ ದೂರ ಎಂಬುದನ್ನು ಕಾನೂನು ಒಪ್ಪಿಕೊಂಡಿತ್ತು.

ಆದರೆ ಒಬ್ಬನೇ ಕೆಲಸ ಮಾಡುವ ಕಡೆ? ಅಮೆರಿಕದ ಡೆಲ್ಟಾ ಕಂಪನಿ 1939ರಲ್ಲಿ ‘ಯೂನಿಸಾ’ ಎಂಬ ಗರಗಸವನ್ನು ಮಾರುಕಟ್ಟೆಗೆ ತಂದಿತು. ಓರೆ ಕೊಯ್ತಕ್ಕೆ ಅದರಲ್ಲಿ ಮೇಜಿನ ಬದಲು ಅಲಗೇ ವಾಲುತ್ತಿತ್ತು. ಮೇಜು ಯಾವಾಗಲೂ ಮಟ್ಟವಾಗಿರುವುದರಿಂದ ಅದಕ್ಕೆ ಇನ್ನೊಂದು ಮೇಜನ್ನು ಸೇರಿಸುವುದು ಸುಲಭ. ಇಂಥ ಯಂತ್ರ ಮನೆಯ ಕಾರ್ ಶೆಡ್ಡಿಗೆ ಬಂದಾಗ ಎದುರಾದದ್ದು ಜಾಗದ ಪ್ರಶ್ನೆ. ಕೆಲಸವಿದ್ದಾಗ ನಾಲ್ಕು ಅಡಿ ಬೇಕು, ಮುಗಿದಾಗ ಕಾರು ನಿಲ್ಲಬೇಕು. ಅದಕ್ಕೆ ಉತ್ತರವೇ ಮಡಚುವ ಮೇಜು.

ಅದರ ರಚನೆ ಸರಳ. ಪ್ಲೈವುಡ್ ಹಲಗೆಯನ್ನು ಹಿಂಜ್‌ಗಳ ಮೂಲಕ ಗರಗಸದ ಹಿಂಬದಿಗೆ ಜೋಡಿಸಿ, ಮಡಚುವ ಕಾಲು ಕೊಟ್ಟರಾಯಿತು. ಅದು ಗರಗಸದ ಮೇಜಿಗಿಂತ ಕೂದಲೆಳೆಯಷ್ಟು ತಗ್ಗಾಗಿರಬೇಕು. ಎತ್ತರವಾದರೆ ಹಲಗೆ ಅದರ ಅಂಚಿಗೆ ತಾಗಿ ನಿಲ್ಲುತ್ತದೆ. ಕಾಲು ತಾನಾಗಿ ಮಡಚಿಕೊಳ್ಳದಂತೆ ಭದ್ರವಾದ ಚಿಲಕವೂ ಬೇಕು.

ಗುಂಡಿಯೊಳಗಿನ ಆಳಿನ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವನ ಜಾಗಕ್ಕೆ ಬಂದ ಮೇಜೂ ಕೆಲಸ ಮುಗಿದೊಡನೆ ಮಡಚಿಕೊಂಡು ಕಣ್ಮರೆಯಾಗುತ್ತದೆ. ಅದು ಇದ್ದದ್ದಕ್ಕೆ ಸಾಕ್ಷಿ, ಸಂಜೆ ಬಡಗಿ ಮನೆಗೆ ಒಯ್ಯುವ ಹತ್ತು ಬೆರಳುಗಳು.