ಸಾನ್ ಲೊರೆಂಜೊದ ಮಕ್ಕಳ ಮನೆ

ಕ್ರಿ.ಶ. 1907ರ ಜನವರಿ 6, ಮೂರು ರಾಯರ ಹಬ್ಬದ ದಿನ. ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಕೂಲಿಕಾರರ ಮಕ್ಕಳಿಗಾಗಿ ಒಂದು ಕೊಠಡಿಯ ಬಾಗಿಲು ತೆರೆಯಿತು. ತೆರೆಸಿದವರ ಉದ್ದೇಶವೇನೂ ಘನವಾದುದಲ್ಲ. ತಂದೆತಾಯಂದಿರು ದುಡಿಯಲು ಹೋದಾಗ, ಹೊಸದಾಗಿ ದುರಸ್ತಿ ಮಾಡಿಸಿದ ಕಟ್ಟಡದ ಗೋಡೆಗಳನ್ನು ಮಕ್ಕಳು ಕೆಡಿಸದಿರಲಿ ಎಂಬುದೇ ಒಡೆತನದ ಸಂಸ್ಥೆಯ ಚಿಂತೆ. ಈ ಕಾವಲಿನ ಹೊಣೆ ಡಾ. ಮರಿಯಾ ಮಾಂಟೆಸೊರಿಯವರ ಪಾಲಿಗೆ ಬಂದಿತು.

1896ರಲ್ಲಿ ವೈದ್ಯ ಪದವಿ ಪಡೆದಿದ್ದ ಈ ಕಥೋಲಿಕ ಮಹಿಳೆ, ಬುದ್ಧಿಮಾಂದ್ಯ ಮಕ್ಕಳಿಗಾಗಿ ಫ್ರಾನ್ಸಿನ ವೈದ್ಯರಾದ ಇಟಾರ್ ಮತ್ತು ಸೆಗೆನ್ ರೂಪಿಸಿದ್ದ ಮಾರ್ಗವನ್ನು ಅಭ್ಯಸಿಸಿದ್ದರು. ಮುಟ್ಟಿ, ಹಿಡಿದು, ಜೋಡಿಸಿ ಕಲಿಯುವ ಮಾರ್ಗವದು. ಅದನ್ನೇ ಈ ಕೇರಿಯ ಮಕ್ಕಳ ಮುಂದಿಟ್ಟರು. ಅಂದಿನ ಶಾಲೆಗಳಲ್ಲಿ ಮಿಸುಕಾಡದೆ ಕುಳಿತು ಕೇಳುವುದೇ ಮಗುವಿನ ಧರ್ಮವಾಗಿತ್ತು.

ಸುಮಾರು ಮೂರು ವರ್ಷದ ಬಾಲಕಿಯೊಬ್ಬಳು ಮರದ ಉರುಳೆಗಳನ್ನು ಅವುಗಳಿಗೆ ಒಪ್ಪುವ ಕುಳಿಗಳಲ್ಲಿ ಇಡುವುದು, ತೆಗೆಯುವುದು, ಮತ್ತೆ ಇಡುವುದು, ಇದರಲ್ಲೇ ಮಗ್ನಳಾಗಿದ್ದಳು. ಪರೀಕ್ಷಿಸಲೆಂದು ಮಾಂಟೆಸೊರಿಯವರು ಸುತ್ತಲಿನ ಮಕ್ಕಳಿಂದ ಹಾಡಿಸಿದರು. ಅವಳನ್ನು ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿರಿಸಿದರು. ಬಾಲಕಿ ತಲೆಯೆತ್ತಲಿಲ್ಲ. ನಲವತ್ತಕ್ಕೂ ಹೆಚ್ಚು ಸಲ ಅದೇ ಕೆಲಸ ಮಾಡಿ, ಸವಿನಿದ್ದೆಯಿಂದ ಎದ್ದವಳಂತೆ ನಕ್ಕಳು. ಇನ್ನೊಂದು ದಿನ ಮೂಗು ಒರೆಸಿಕೊಳ್ಳುವ ಬಗೆಯನ್ನು ಪಾಠದಂತೆ ಮಾಡಿ ತೋರಿಸಿದಾಗ ಮಕ್ಕಳೆಲ್ಲರೂ ಚಪ್ಪಾಳೆ ತಟ್ಟಿದರು. ನಗು ಬರುವ ಸಂಗತಿಯೇ ಸರಿ. ಆದರೆ ಮೂಗಿನ ವಿಷಯದಲ್ಲಿ ಬೈಗುಳವಲ್ಲದೆ ಗೌರವದ ಮಾತನ್ನು ಆ ಮಕ್ಕಳಿಗೆ ಅದುವರೆಗೆ ಯಾರು ಆಡಿದ್ದರು?

ಮೊದಲನೆಯ ಮಹಾಯುದ್ಧದ ಕಾಲಕ್ಕೆ ಈ ಪದ್ಧತಿ ಸ್ಪೇನಿನ ಬಾರ್ಸಿಲೋನವನ್ನು ಮುಟ್ಟಿತ್ತು. ಅಲ್ಲಿ ಬಲಿಪೂಜೆಯ ರೊಟ್ಟಿಗೆಂದು ಮಕ್ಕಳೇ ಗೋದಿ ಬಿತ್ತಿದರು, ದ್ರಾಕ್ಷಿಯನ್ನೂ ಬೆಳೆದರು. ಜ್ಞಾನೋಪದೇಶವನ್ನು ಬಾಯಿಪಾಠವಾಗಿ ಒಪ್ಪಿಸಿ ಬೆಳೆದ ನಮ್ಮಂಥವರಿಗೆ ಇದನ್ನು ಕೇಳಿ ಸ್ವಲ್ಪ ಅಸೂಯೆಯಾಗುವುದು ಸಹಜ.

1939ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದಂತೆ ಆಕೆ ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿಯು ಯುದ್ಧಕ್ಕಿಳಿಯಲು, ಬ್ರಿಟಿಷ್ ಸರ್ಕಾರ ಮಗ ಮಾರಿಯೊನನ್ನು ಬಂಧನದಲ್ಲಿರಿಸಿ, ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಬಿಡುಗಡೆ ಮಾಡಿತು. 1946ರವರೆಗೆ ಭಾರತದಲ್ಲೇ ಇದ್ದು, ಅಡ್ಯಾರಿನಲ್ಲೂ ಕೊಡೈಕನಾಲ್ ಬೆಟ್ಟದಲ್ಲೂ ನೂರಾರು ಶಿಕ್ಷಕರನ್ನು ತರಬೇತುಗೊಳಿಸಿದರು.

ಇಂದು ನಮ್ಮ ಪಟ್ಟಣಗಳಲ್ಲಿ ಮಾಂಟೆಸೊರಿಯೆಂಬ ಹಲಗೆಯನ್ನು ಕಂಡರೆ ಬಡವರು ಶುಲ್ಕಕ್ಕೆ ಹೆದರಿ ದೂರ ಸರಿಯುವುದುಂಟು. ಸಾನ್ ಲೊರೆಂಜೊದಲ್ಲಿ ಶುಲ್ಕವಿರಲಿಲ್ಲ. ಮಗುವನ್ನು ಶುಚಿಯಾಗಿ ಕಳುಹಿಸಬೇಕು, ವಾರಕ್ಕೊಮ್ಮೆಯಾದರೂ ತಾಯಿ ಬಂದು ಶಿಕ್ಷಕಿಯೊಡನೆ ಮಾತನಾಡಬೇಕು ಎಂಬ ನಿಯಮಗಳನ್ನು ಮಾತ್ರ ಬರೆದು ಗೋಡೆಗೆ ಹಚ್ಚಿದ್ದರು.