ರಾಜೀನಾಮೆಯೊಳಗಿನ ರಾಜಿ

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ಸುಲ್ತಾನ್ ಬತ್ತೇರಿ ಸೇರುವಷ್ಟರಲ್ಲಿ ‘ರಾಜಿ’ ಎಂಬ ಮಾತಿನ ಅರ್ಥವೇ ಬೇರೆಯಾಗಿರುತ್ತದೆ. ನಮ್ಮಲ್ಲಿ ರಾಜಿ ಎಂದರೆ ಜಗಳ ಬಿಟ್ಟು ಒಂದಾಗುವುದು. ಊರ ಹಿರಿಯರು ಕೂತು ರಾಜಿ ಮಾಡಿಸುತ್ತಾರೆ. ಮಲಯಾಳಂ ಪತ್ರಿಕೆಯಲ್ಲಿ ಮಂತ್ರಿಯೊಬ್ಬರ ‘ರಾಜಿ’ ಎಂದು ಅಚ್ಚಾದರೆ ಅವರು ಕುರ್ಚಿ ಬಿಟ್ಟರೆಂದು ಅರ್ಥ. ಅದನ್ನೇ ನಾವು ‘ನಾಮೆ’ ಸೇರಿಸಿ ರಾಜೀನಾಮೆ ಎನ್ನುತ್ತೇವೆ. ತಮಿಳರು, ತೆಲುಗರು, ಮರಾಠಿಗರೂ ಹಾಗೆಯೇ. ಹಿಂದಿಯಲ್ಲಿ ಕೆಲಸ ಬಿಡುವ ಪತ್ರ ‘ಇಸ್ತೀಫಾ’. ಅಲ್ಲಿನ ಕೋರ್ಟುಗಳಲ್ಲಿ ರಾಜೀನಾಮಾ ಎಂದರೆ ವಾದಿ ಪ್ರತಿವಾದಿಗಳಿಬ್ಬರೂ ಒಪ್ಪಿ ಬರೆದುಕೊಟ್ಟ ಕಾಗದ.

ಮೂಲಕ್ಕೆ ಹತ್ತಿರ ಇರುವುದು ಹಿಂದಿಯ ಬಳಕೆಯೇ. ಅರಬ್ಬಿಯಲ್ಲಿ ‘ರಾಜೀ’ ಎಂದರೆ ಒಪ್ಪಿದವನು, ತೃಪ್ತನಾದವನು. ಪಾರಸಿಯ ‘ನಾಮಾ’ ಎಂದರೆ ಬರಹ. ಪಂಚನಾಮೆ, ಕರಾರುನಾಮೆಗಳ ಒಡಹುಟ್ಟು ಇದು. ಹಾಗಿದ್ದರೆ ಒಪ್ಪಿಗೆಯ ಪತ್ರ ಬಿಟ್ಟುಹೋಗುವ ಪತ್ರವಾದದ್ದು ಹೇಗೆ? ಹಳೆಯ ಕಂದಾಯ ದಫ್ತರಗಳಲ್ಲಿ ಇದಕ್ಕೊಂದು ಸುಳಿವಿದೆ. ಮುಂಬೈ ಪ್ರಾಂತ್ಯದಲ್ಲಿ ರೈತನೊಬ್ಬ ತನ್ನ ಹಿಡುವಳಿಯನ್ನು ಬಿಟ್ಟುಕೊಡುವಾಗ ಸರ್ಕಾರಕ್ಕೆ ರಾಜೀನಾಮೆ ಬರೆದುಕೊಡಬೇಕಿತ್ತು. ಅದನ್ನು ವಹಿಸಿಕೊಳ್ಳುವವನು ಕಬೂಲಾಯತಿ ಬರೆಯಬೇಕಿತ್ತು. ‘ನಾನು ಮನಸಾರೆ ಒಪ್ಪಿ ಬಿಡುತ್ತಿದ್ದೇನೆ’ ಎಂಬುದು ಆ ಕಾಗದದ ತಿರುಳು. ಬಳಸುತ್ತ ಬಳಸುತ್ತ ‘ಒಪ್ಪಿ’ ಸವೆದು ‘ಬಿಡುತ್ತಿದ್ದೇನೆ’ ಉಳಿಯಿತು. ಅರ್ಥ ಜಾರಿದ್ದು ಇಂಥ ಕಡೆಯಲ್ಲೇ ಎಂದು ನನಗೆ ತೋರುತ್ತದೆ. ಹೊಲ ಬಿಡುವವನ ಮಾತು ಆಮೇಲೆ ನೌಕರಿ ಬಿಡುವವನದಾಯಿತು.

ಚಾಮರಾಜನಗರದಲ್ಲಂತೂ ಈ ಪದಕ್ಕೆ ಬೇರೆಯದೇ ನಂಟು ಅಂಟಿಕೊಂಡಿತ್ತು. ಈ ಊರಿಗೆ ಬಂದ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆಂಬ ಮೂಢನಂಬಿಕೆ ದಶಕಗಳ ಕಾಲ ನಡೆಯಿತು. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯ ಊರಿಗೆ ಬಂದೂ ಐದು ವರ್ಷ ಪೂರೈಸಿದರು.

ಆದರೆ ಈ ಪದದ ಭಾರ ಪೂರ್ತಿ ಬೀಳುವುದು ಔಷಧ ಕಂಪನಿಗಳ ಪ್ರತಿನಿಧಿಗಳ ಮೇಲೆ. ಮೈಸೂರನ್ನು ಹೆಡ್‌ಕ್ವಾರ್ಟರ್ಸ್ ಮಾಡಿಕೊಂಡ ಮೆಡಿಕಲ್ ರೆಪ್‌ಗೆ ಚಾಮರಾಜನಗರ, ಗುಂಡ್ಲುಪೇಟೆಗಳು ‘ಎಕ್ಸ್ ಸ್ಟೇಷನ್’, ಅಂದರೆ ಬೆಳಗ್ಗೆ ಹೋಗಿ ರಾತ್ರಿ ಮನೆಗೆ ಮರಳುವ ಊರುಗಳು. ಹೊರರೋಗಿಗಳ ಸಾಲು ಕರಗುವ ತನಕ ಬ್ಯಾಗು ಹಿಡಿದು ನಿಂತು, ವೈದ್ಯರನ್ನು ಕಂಡು, ಮೆಡಿಕಲ್ ಸ್ಟೋರಿನಲ್ಲಿ ಆರ್ಡರ್ ಹಿಡಿದು, ದಿನದ ರಿಪೋರ್ಟ್ ಕಳಿಸುವ ಕೆಲಸ. ಟಾರ್ಗೆಟ್ ಮುಟ್ಟದಿದ್ದರೆ ಮೊದಲು ವಿವರಣೆ ಕೇಳುವ ಪತ್ರ, ಆಮೇಲೆ ಭಾಷೆ ಗೊತ್ತಿಲ್ಲದ ರಾಜ್ಯಕ್ಕೆ ವರ್ಗ. ಏರಿಯಾ ಮ್ಯಾನೇಜರ್ ಆಗಿದ್ದವರ ಕೈಗೆ ಮತ್ತೆ ಬ್ಯಾಗು ಬರುವುದೂ ಉಂಟು. ಕೊನೆಗೆ ಮೆತ್ತಗಿನ ದನಿಯಲ್ಲಿ ಒಂದು ಸಲಹೆ: ‘ನೀವೇ ಪೇಪರ್ ಹಾಕಿಬಿಡಿ.’

ಹೊರಹಾಕುವ ಕಂಪನಿಗೆ ಒಪ್ಪಿಗೆಯ ಪತ್ರವೇ ಏಕೆ ಬೇಕು? ಲೆಕ್ಕ ಸ್ಪಷ್ಟವಿದೆ. ಕಾರ್ಮಿಕ ಕಾನೂನಿಗೆ ಒಳಪಟ್ಟ ನೌಕರನನ್ನು ಕಂಪನಿಯೇ ಹೆಚ್ಚುವರಿಯೆಂದು ತೆಗೆದರೆ ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ ಕೊಡಬೇಕು. ದುಡಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. 12 ವರ್ಷ ದುಡಿದವರಿಗೆ ಅದು 180 ದಿನಗಳ ಸಂಬಳ. ರಾಜೀನಾಮೆಗೆ ಈ ಪರಿಹಾರವಿಲ್ಲ. ಐದು ವರ್ಷ ತುಂಬಿದವರಿಗೆ ಹೇಗೆ ಬಿಟ್ಟರೂ ಸಲ್ಲುವ ಗ್ರಾಚ್ಯುಟಿಯನ್ನೇ ಕಂಪನಿಯ ಔದಾರ್ಯವೆಂಬಂತೆ ‘ಫುಲ್ ಅಂಡ್ ಫೈನಲ್’ ಲೆಕ್ಕದಲ್ಲಿ ತೋರಿಸಿದರೆ, ಬಿಟ್ಟುಹೋದ ಪರಿಹಾರ ಕಣ್ಣಿಗೇ ಬೀಳುವುದಿಲ್ಲ. ಮನೆಯಲ್ಲಿ ಮಕ್ಕಳ ಫೀಸು ಕಟ್ಟಬೇಕಾದವರಿಗೆ ಇದು ಸಣ್ಣ ಮೊತ್ತವಲ್ಲ.

ಆದರೆ ಆ ಕಾನೂನಿನ ಕಣ್ಣಿಗೆ ರೆಪ್ ಕಾರ್ಮಿಕನೇ ಎಂಬ ಪ್ರಶ್ನೆಯೇ ದಶಕಗಳ ಕಾಲ ಕಾಡಿತು. 1976ರಲ್ಲಿ ಮಾರಾಟ ಉತ್ತೇಜನ ನೌಕರರ ಕಾಯ್ದೆ ಬಂತು. 1994ರಲ್ಲಿ ಎಚ್.ಆರ್. ಅಡ್ಯಂತಾಯ ಮತ್ತು ಸ್ಯಾಂಡೋಜ್ ಕಂಪನಿಯ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಕೈಗಾರಿಕಾ ವಿವಾದ ಕಾಯ್ದೆಯ ವ್ಯಾಖ್ಯೆಯಂತೆ ರೆಪ್ ‘ಕಾರ್ಮಿಕ’ನಲ್ಲ, ಅವನಿಗೆ ರಕ್ಷಣೆ ಸಿಗುವುದು 1976ರ ಕಾಯ್ದೆಯ ಮೂಲಕ ಎಂದಿತು. 2020ರ ಕೈಗಾರಿಕಾ ಸಂಬಂಧ ಸಂಹಿತೆಯ ವ್ಯಾಖ್ಯೆಯೊಳಗೇ ಮಾರಾಟ ಉತ್ತೇಜನ ನೌಕರರು ಸೇರಿದ್ದಾರೆ. ಅದು ಜಾರಿಯಾದದ್ದು 2025ರ ನವೆಂಬರ್ 21ರಂದು. ಆಡಳಿತ ನೀತಿಯ ನೆಪದಲ್ಲಿ ದುರುದ್ದೇಶದಿಂದ ವರ್ಗ ಮಾಡುವುದು ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಹೊಸ ಸಂಹಿತೆಯಲ್ಲೂ ಅನುಚಿತ ಕಾರ್ಮಿಕ ಪದ್ಧತಿಯೇ. ಬಿಸಿನೆಸ್ ಮ್ಯಾನೇಜರ್ ಎಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿದರೂ ಕೋರ್ಟು ನೋಡುವುದು ದಿನನಿತ್ಯ ಮಾಡಿದ ಕೆಲಸವನ್ನು.

ಇಷ್ಟಾದರೂ ವಿವಾದಗಳು ಬಂದು ನಿಲ್ಲುವುದು ಆ ಹಳೆಯ ಅರಬ್ಬಿ ಪದದ ಮುಂದೆಯೇ: ಬರೆದವನು ರಾಜಿಯಿದ್ದನೇ? ಒತ್ತಡದಿಂದ ಬರೆಸಿಕೊಂಡದ್ದು ಸ್ವಇಚ್ಛೆಯ ರಾಜೀನಾಮೆಯಲ್ಲ ಎಂದು ನ್ಯಾಯಾಲಯ ಒಪ್ಪುತ್ತದೆ, ಆದರೆ ಒತ್ತಡವಿತ್ತೆಂದು ಸಾಬೀತುಪಡಿಸುವ ಹೊಣೆ ನೌಕರನದೇ. ಅದಕ್ಕೇ ವರ್ಗದ ಆದೇಶ, ವಾಟ್ಸಾಪಿನಲ್ಲಿ ಬಂದ ಎಚ್ಚರಿಕೆ, ಪತ್ರದ ಒಕ್ಕಣೆಯನ್ನೇ ಬರೆದು ಕಳಿಸಿದ ಮೇಲ್ ಇವನ್ನೆಲ್ಲ ಅಳಿಸದೆ ಇಟ್ಟುಕೊಳ್ಳಬೇಕು. ಸಹಿ ಹಾಕಿಬಿಟ್ಟಿದ್ದರೂ ಅದು ಸ್ವೀಕಾರವಾಗುವ ಮುನ್ನ ಹಿಂತೆಗೆದುಕೊಳ್ಳಲು ದಾರಿಯಿದೆ. ಅದನ್ನು ಅಂದೇ, ಬರಹದಲ್ಲಿಯೇ ತಿಳಿಸಬೇಕು.