‘ಫನ್ ಹೋಮ್’: ತಂದೆಯ ಗುಟ್ಟು, ಮಗಳ ಗೆರೆ

ಅಮೆರಿಕದ ವ್ಯಂಗ್ಯಚಿತ್ರ ಕಲಾವಿದೆ ಅಲಿಸನ್ ಬೆಕ್ಡೆಲ್ ಅವರ ಸಚಿತ್ರ ಆತ್ಮಕಥನ ‘ಫನ್ ಹೋಮ್’. 2006ರಲ್ಲಿ ಪ್ರಕಟವಾದ ಈ ಕೃತಿಯನ್ನು ‘ಟೈಮ್’ ನಿಯತಕಾಲಿಕವು ಆ ವರ್ಷದ ಅತ್ಯುತ್ತಮ ಪುಸ್ತಕವೆಂದು ಆಯ್ಕೆ ಮಾಡಿತು.

ಬೆಕ್ಡೆಲ್ ಹುಟ್ಟಿದ್ದು 1960ರಲ್ಲಿ. ಬೆಳೆದದ್ದು ಪೆನ್ಸಿಲ್ವೇನಿಯಾದ ಬೀಚ್ ಕ್ರೀಕ್ ಎಂಬ ಸಣ್ಣ ಊರಿನಲ್ಲಿ. ತಂದೆ ಬ್ರೂಸ್ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕರು. ಶವಗಳನ್ನು ಅಂತ್ಯಸಂಸ್ಕಾರಕ್ಕೆ ಸಿದ್ಧಪಡಿಸುವ ಕುಟುಂಬದ ‘ಫ್ಯೂನರಲ್ ಹೋಮ್’ ಅನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಮಕ್ಕಳು ಆ ಹೆಸರನ್ನು ಮೊಟಕುಗೊಳಿಸಿ ‘ಫನ್ ಹೋಮ್’ ಎನ್ನುತ್ತಿದ್ದರು. ಶೀರ್ಷಿಕೆ ಬಂದದ್ದು ಅಲ್ಲಿಂದ.

1980ರಲ್ಲಿ ಕಾಲೇಜಿನಲ್ಲಿದ್ದಾಗ, ತಾವು ಸಲಿಂಗಪ್ರೇಮಿ ಎಂದು ಬೆಕ್ಡೆಲ್ ಹೆತ್ತವರಿಗೆ ಪತ್ರ ಬರೆದರು. ಅದರ ಬೆನ್ನಲ್ಲೇ ತಾಯಿಯಿಂದ ಮತ್ತೊಂದು ಸಂಗತಿ ತಿಳಿಯಿತು: ತಂದೆಗೂ ಗಂಡಸರೊಡನೆ ಗುಟ್ಟಿನ ಸಂಬಂಧಗಳಿದ್ದವು. ಕೆಲವೇ ತಿಂಗಳಲ್ಲಿ ತಂದೆ ಲಾರಿಗೆ ಸಿಕ್ಕಿ ಮೃತರಾದರು. ಅದು ಅಪಘಾತವಲ್ಲ, ಆತ್ಮಹತ್ಯೆ ಎಂಬುದು ಮಗಳ ನಂಬಿಕೆ. ಆದರೆ ಪುರಾವೆಯಿಲ್ಲ. ತನ್ನ ಪತ್ರವೇ ಇದಕ್ಕೆ ಕಾರಣವಾಯಿತೇ ಎಂಬ ಪ್ರಶ್ನೆಯನ್ನು ಪುಸ್ತಕ ಮತ್ತೆ ಮತ್ತೆ ಕೆದಕುತ್ತದೆ.

ಈ ಅನಿಶ್ಚಯವೇ ಅವರ ಕಲೆಯ ವಿಧಾನವನ್ನೂ ರೂಪಿಸಿದೆ. ಹತ್ತನೆಯ ವಯಸ್ಸಿನಲ್ಲಿ ದಿನಚರಿ ಆರಂಭಿಸಿದ ಅವರು, ಬರೆದದ್ದು ನಿಜವೇ ಎಂಬ ಶಂಕೆಯಿಂದ ವಾಕ್ಯಗಳ ನಡುವೆ ಅನುಮಾನ ಸೂಚಿಸುವ ಮಾತನ್ನು ಸೇರಿಸತೊಡಗಿದರು. ಮುಂದೆ ಆ ಮಾತಿನ ಜಾಗಕ್ಕೆ ಒಂದು ಚಿಹ್ನೆ ಬಂತು. ಕಡೆಗೆ ಅದು ಇಡೀ ಪುಟವನ್ನೇ ಆವರಿಸಿತು. ‘ಫನ್ ಹೋಮ್’ ರಚನೆಗೆ ಹಿಡಿದದ್ದು ಸುಮಾರು 7 ವರ್ಷ. ಪ್ರತಿಯೊಂದು ಪಾತ್ರದ ಭಂಗಿಯಲ್ಲಿ ಸ್ವತಃ ನಿಂತು, ತಂದೆಯ ಭಂಗಿಯಲ್ಲೂ ನಿಂತು, ಛಾಯಾಚಿತ್ರ ತೆಗೆದುಕೊಂಡು ಅದನ್ನು ನೋಡಿ ಬರೆದರು. ಹಳೆಯ ಪತ್ರ, ಫೋಟೋ, ದಿನಚರಿಯ ಪುಟಗಳನ್ನು ಅಂಟಿಸದೆ ಕೈಯಿಂದಲೇ ನಕಲು ಮಾಡಿದರು. ಕಪ್ಪು ಗೆರೆಗೆ ಬೂದು ಬೆರೆತ ನೀಲಿ-ಹಸಿರಿನ ಛಾಯೆಯೊಂದೇ ಬಣ್ಣ.

ಅದಕ್ಕೂ ಮುನ್ನ ಅವರಿಗೆ ಹೆಸರು ತಂದದ್ದು ಸಲಿಂಗಪ್ರೇಮಿ ಮಹಿಳೆಯರ ಬದುಕಿನ ಕುರಿತ ಚಿತ್ರಪಟ್ಟಿ ‘ಡೈಕ್ಸ್ ಟು ವಾಚ್ ಔಟ್ ಫಾರ್’ (1983–2008). ಚಲನಚಿತ್ರಗಳಲ್ಲಿ ಸ್ತ್ರೀಪಾತ್ರಗಳ ಸ್ಥಾನವನ್ನು ಅಳೆಯುವ ‘ಬೆಕ್ಡೆಲ್ ಪರೀಕ್ಷೆ’ ಹುಟ್ಟಿದ್ದು ಅದರ 1985ರ ಒಂದು ಕಂತಿನಿಂದ.

ಪುಸ್ತಕಕ್ಕೆ ವಿರೋಧವೂ ಬಂತು. ಮಿಸ್ಸೂರಿಯ ಮಾರ್ಷಲ್ ಪಟ್ಟಣದ ಗ್ರಂಥಾಲಯ 2006ರಲ್ಲಿ ಅದನ್ನು ಕಪಾಟಿನಿಂದ ತೆಗೆದು, ಮರುವರ್ಷ ಮತ್ತೆ ಇರಿಸಿತು. ಇತ್ತ ರಂಗಭೂಮಿಯಲ್ಲಿ ಇದೇ ಕಥೆಯ ಸಂಗೀತ ನಾಟಕ 2015ರಲ್ಲಿ 5 ಟೋನಿ ಪ್ರಶಸ್ತಿ ಗಳಿಸಿತು.

2012ರ ‘ಆರ್ ಯು ಮೈ ಮದರ್?’ ತಾಯಿಯನ್ನು ಕುರಿತದ್ದು. ಮನೋವಿಶ್ಲೇಷಣೆಯ ಚರ್ಚೆ ಹೆಚ್ಚಾದ ಕಾರಣ ಮೊದಲ ಕೃತಿಯ ಬಿಗಿ ಇದರಲ್ಲಿಲ್ಲ. 2021ರ ‘ದ ಸೀಕ್ರೆಟ್ ಟು ಸೂಪರ್‌ಹ್ಯೂಮನ್ ಸ್ಟ್ರೆಂತ್’ ವ್ಯಾಯಾಮದ ಗೀಳಿನ ನೆಪದಲ್ಲಿ ಇಳಿವಯಸ್ಸನ್ನು ಎದುರುಗೊಳ್ಳುತ್ತದೆ. ಇದರ ಬಣ್ಣಗಾರಿಕೆಯಲ್ಲಿ ಬಾಳಸಂಗಾತಿ ಹಾಲಿ ರೇ ಟೇಲರ್ ಕೈಜೋಡಿಸಿದ್ದಾರೆ.